ಮೊಳೆ ಹೊಡೆಯೋದಕ್ಕೆ ಇಷ್ಟು ಫೀಸಾ?

ಆರ್ಕಿಟೆಕ್ಚರ್ ಓದುವ ಮಕ್ಕಳು ಬೇಸಿಗೆ ರಜೆಯಲ್ಲಿ ಯಾವುದೋ ಬಡಾವಣೆಗೆ ಹೋಗಿ, ಅಲ್ಲಿನ ಜನರ ಜೊತೆ ಕೂತು ನಕ್ಷೆ ಬರೆದು, ಅದನ್ನು ತಮ್ಮ ಕೈಯಾರೆ ಕಟ್ಟುವ ಕೋರ್ಸುಗಳಿವೆ. ‘ಡಿಸೈನ್-ಬಿಲ್ಡ್’ ಅಂತಾರೆ. ಈ ತಿಂಗಳು ಅದರ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ.

ಪ್ರಶ್ನೆ: ಮಗಳು ಅಮೆರಿಕದ ಹ್ಯೂಸ್ಟನ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಸಾಲ ಮಾಡಿ ಕಳಿಸಿದ್ದೇವೆ. ರಜೆಗೆ ಊರಿಗೆ ಬಾ ಅಂದರೆ ಬೇಸಿಗೆ ಕೋರ್ಸ್ ಇದೆ ಅಂತಾಳೆ. ವಿಡಿಯೊ ಕಾಲ್ ಮಾಡಿದರೆ ಬಿಸಿಲಲ್ಲಿ ನಿಂತು ಮೊಳೆ ಹೊಡೆಯುತ್ತಿರುತ್ತಾಳೆ, ಇಲ್ಲಾಂದ್ರೆ ಥರ್ಡ್ ವಾರ್ಡ್ ಅನ್ನೋ ಏರಿಯಾದಲ್ಲಿ ಯಾರದೋ ಮನೆ ಮುಂದೆ ಕೂತು ಅಜ್ಜಿಯರ ಜೊತೆ ಹರಟುತ್ತಿರುತ್ತಾಳೆ. ಇದು ಓದಾ, ಕೂಲಿಯಾ?
– ಒಬ್ಬ ತಾಯಿ, ದಾವಣಗೆರೆ

ಓದೇ, ಅಮ್ಮ. ಅದೂ ಕಷ್ಟದ ಓದು.

ಇದೇನೂ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ 1967ರಿಂದ ಮೊದಲ ವರ್ಷದ ವಿದ್ಯಾರ್ಥಿಗಳೇ ಒಂದು ಕಟ್ಟಡ ಕಟ್ಟುತ್ತಾರೆ. ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದವರು 1993ರಲ್ಲಿ ‘ರೂರಲ್ ಸ್ಟುಡಿಯೊ’ ಶುರು ಮಾಡಿ, ಹೇಲ್ ಕೌಂಟಿಯ ಬಡ ಹಳ್ಳಿಗಳಲ್ಲಿ ಮನೆ ಕಟ್ಟುತ್ತಾ ಬಂದಿದ್ದಾರೆ. ಅವರ ಮೊದಲ ಮನೆಯ ಗೋಡೆ ಒಣಹುಲ್ಲಿನ ಪೆಂಡಿಗಳದ್ದು! ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಸ್ಯಾಮ್ಯುಯೆಲ್ ಮಾಕ್‌ಬೀ ತೀರಿಕೊಂಡ ಮೇಲೆ, 2004ರಲ್ಲಿ, ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಅವರಿಗೆ ತನ್ನ ಚಿನ್ನದ ಪದಕ ಕೊಟ್ಟಿತು.

ನಮ್ಮಲ್ಲಿ ಮನೆ ಅಂದ್ರೆ ಇಟ್ಟಿಗೆ, ಸೆಂಟ್ರಿಂಗ್, ಕಾಂಕ್ರೀಟ್, ಆಮೇಲೆ ದಿನಗಟ್ಟಲೆ ನೀರು ಹೊಡೆಯೋದು. ಅಲ್ಲಿ ಸಾಮಾನ್ಯ ಮನೆ ಮರದ ಚೌಕಟ್ಟಿನದು. ಹದಿನಾರು ಇಂಚಿಗೊಂದು ಮರದ ಪಟ್ಟಿ ನಿಲ್ಲಿಸಿ, ಮೇಲೆ ಎಂಟಡಿ ನಾಲ್ಕಡಿಯ ಹಲಗೆ ಬಡಿಯುತ್ತಾರೆ. ಹದಿನಾರು ಯಾಕೆ ಅಂದ್ರೆ, ಹಲಗೆಯ ಅಳತೆಗೆ ಅದು ಸರಿಯಾಗಿ ಕೂರುತ್ತದೆ. ಹಾಗಾಗಿ ಅನುಭವ ಇರುವ ಬಡಗಿಯೊಬ್ಬರು ಜೊತೆಗಿದ್ದರೆ ಏಳೆಂಟು ವಿದ್ಯಾರ್ಥಿಗಳು ಸೇರಿ ಗೋಡೆಯನ್ನು ನೆಲದ ಮೇಲೆ ಜೋಡಿಸಿ ಎತ್ತಿ ನಿಲ್ಲಿಸಬಹುದು. ಅಂದಹಾಗೆ, ‘ಟೂ ಬೈ ಫೋರ್’ ಅಂತ ಅಲ್ಲಿ ಮಾರುವ ಮರ ಎರಡಿಂಚು ನಾಲ್ಕಿಂಚು ಇರೋದೇ ಇಲ್ಲ, ಒಂದೂವರೆಗೆ ಮೂರೂವರೆ ಇರುತ್ತೆ. ಕಂಪ್ಯೂಟರಿನಲ್ಲಿ ಎರಡು-ನಾಲ್ಕು ಅಂತಲೇ ಗೆರೆ ಎಳೆದ ಮಗು ಸೈಟಿಗೆ ಬಂದಾಗ ಬಾಗಿಲು ಕೂರಲ್ಲ. ಆ ಪಾಠ ಒಮ್ಮೆ ಆದರೆ ಸಾಕು, ಜನ್ಮದಲ್ಲಿ ಮರೆಯಲ್ಲ.

ಬಿಸಿಲಿನ ಚಿಂತೆ ಮಾತ್ರ ನ್ಯಾಯವಾದದ್ದು. ಹ್ಯೂಸ್ಟನ್ನಿನ ಜುಲೈ ಅಂದ್ರೆ ಮೂವತ್ತೈದು ಡಿಗ್ರಿ, ಅದರ ಮೇಲೆ ಸಮುದ್ರದ ಕಡೆಯ ತೇವ. ನಿಮ್ಮೂರಿನ ಬೇಸಿಗೆಯಲ್ಲಿ ಬೆವರಾದರೂ ಒಣಗುತ್ತೆ, ಅಲ್ಲಿ ಅದೂ ಇಲ್ಲ. ಬೆಳಿಗ್ಗೆ ಬೇಗ ಶುರು ಮಾಡುತ್ತಾರಾ, ನೆರಳಿಗೆ ಜಾಗ ಇದೆಯಾ, ಗಾಯವಾದರೆ ಇನ್ಶೂರೆನ್ಸ್ ಯಾರದು ಅಂತ ಕೇಳಿ. ಕೂಲಿಯಾ ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ, ಇದನ್ನು ಕೇಳಿದರೆ ಖುಷಿಪಡುತ್ತಾಳೆ.

ಪ್ರಶ್ನೆ: ಮೊಳೆ ಹೊಡೆಯೋದು ಅರ್ಥವಾಗುತ್ತೆ ಸರ್. ಆದರೆ ಕೋರ್ಸಿನ ಅರ್ಧ ಸಮಯ ಬಡಾವಣೆಯ ಇತಿಹಾಸ, ಗೋಡೆಚಿತ್ರ, ಹಿರಿಯರ ನೆನಪು ಅಂತ ಯಾಕೆ ಕಳೀಬೇಕು? ಕೊನೆಗೆ ಕಟ್ಟೋದು ಒಂದು ನೆರಳಿನ ಚಪ್ಪರ, ನಾಲ್ಕು ಬೆಂಚು.
– ಬಿ.ಆರ್ಕ್ ವಿದ್ಯಾರ್ಥಿ, ಮೈಸೂರು

ಆ ಬೆಂಚು ಯಾವ ಕಡೆ ಮುಖ ಮಾಡಬೇಕು ಅಂತ ಗೊತ್ತಾಗೋದಕ್ಕೆ.

ಮೇಲಿನ ತಾಯಿ ಹೇಳಿದ ಥರ್ಡ್ ವಾರ್ಡನ್ನೇ ತಗೊಳ್ಳಿ. ಹ್ಯೂಸ್ಟನ್ ಇರುವ ಟೆಕ್ಸಾಸ್‌ನಲ್ಲಿ ಗುಲಾಮರಿಗೆ ಬಿಡುಗಡೆಯ ಸುದ್ದಿ ಮುಟ್ಟಿದ್ದು 1865ರ ಜೂನ್ 19ರಂದು. ಏಳು ವರ್ಷದ ನಂತರ, 1872ರಲ್ಲಿ, ನಿನ್ನೆ ಮೊನ್ನೆವರೆಗೆ ಗುಲಾಮರಾಗಿದ್ದವರು ದುಡ್ಡು ಕೂಡಿಸಿ ಹತ್ತು ಎಕರೆ ಜಾಗ ಕೊಂಡರು, ಆ ದಿನವನ್ನು ವರ್ಷಾ ವರ್ಷಾ ಹಬ್ಬ ಮಾಡೋದಕ್ಕೆ. ಅದೇ ಎಮಾನ್ಸಿಪೇಷನ್ ಪಾರ್ಕ್, ಅಂದ್ರೆ ಬಿಡುಗಡೆಯ ಪಾರ್ಕ್. ಅದರ ಪಕ್ಕದ ರಸ್ತೆಗೆ ಮಾತ್ರ ಎಷ್ಟೋ ಕಾಲ ಡೌಲಿಂಗ್ ಅನ್ನುವವನ ಹೆಸರಿತ್ತು. ಅವನು ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದ ಪಕ್ಷದ ಸೇನಾಧಿಕಾರಿ! 2017ರಲ್ಲಿ ಆ ಹೆಸರು ತೆಗೆದು ಎಮಾನ್ಸಿಪೇಷನ್ ಅವೆನ್ಯೂ ಅಂತ ಮಾಡಿದರು. ಪಾರ್ಕಿನ ಎದುರಿಗೆ 1939ರ ಎಲ್ ಡೊರಾಡೊ ಬಾಲ್‌ರೂಮ್ ಇದೆ. ಬ್ಲೂಸ್, ಜಾಝ್ ಸಂಗೀತಕ್ಕೆ ಕಪ್ಪು ಜನ ಸೇರುತ್ತಿದ್ದ ಜಾಗ ಅದು. ಇದ್ಯಾವುದೂ ಗೊತ್ತಿಲ್ಲದೆ ಅಲ್ಲಿ ಬೆಂಚು ಹಾಕಿದರೆ ಅದು ಬಸ್‌ಸ್ಟಾಪ್ ಬೆಂಚಾಗುತ್ತೆ, ಅಷ್ಟೇ.

ಇನ್ನು ಮನೆಗಳ ಕಥೆ. ‘ಶಾಟ್‌ಗನ್ ಹೌಸ್’ ಅಂತ ಒಂದು ಥರದ ಮನೆ ಅಲ್ಲಿ ತುಂಬಾ ಇತ್ತು. ಅಗಲ ಒಂದೇ ಕೋಣೆಯಷ್ಟು, ಕೋಣೆಗಳು ಒಂದರ ಹಿಂದೆ ಒಂದು, ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ. ಮುಂದೆ ಪೋರ್ಚ್, ಥೇಟ್ ನಮ್ಮ ಹಳ್ಳಿಮನೆಯ ಜಗಲಿ. ಈ ಮನೆಯ ಬೇರು ಪಶ್ಚಿಮ ಆಫ್ರಿಕಾದಲ್ಲಿದೆ, ಹೈಟಿ ಮತ್ತು ನ್ಯೂ ಆರ್ಲಿಯನ್ಸ್ ದಾಟಿ ಬಂತು ಅಂತ ವಿದ್ವಾಂಸರು ವಾದಿಸಿದ್ದಾರೆ. ಬೇರೆಯವರಿಗೆ ಅದು ಬಡವರ ಗುಡಿಸಲು. ಆದರೆ ಅಲ್ಲೇ ಕಲೆ ಕಲಿಸುತ್ತಿದ್ದ ಜಾನ್ ಬಿಗ್ಗರ್ಸ್ ಅನ್ನುವ ಚಿತ್ರಕಾರ ಇದೇ ಮನೆಗಳನ್ನು, ಅವುಗಳ ಪೋರ್ಚಿನಲ್ಲಿ ನಿಂತ ಹೆಂಗಸರನ್ನು ದೇವಸ್ಥಾನದ ಗಾಂಭೀರ್ಯದಲ್ಲಿ ಬಿಡಿಸಿದರು.

ಅದರಿಂದ ಸ್ಫೂರ್ತಿ ಪಡೆದ ಕಲಾವಿದರಲ್ಲಿ ರಿಕ್ ಲೋ ಒಬ್ಬರು. ಆಗ ಅವರು ಅನ್ಯಾಯಗಳನ್ನು ತೋರಿಸುವ ದೊಡ್ಡ ದೊಡ್ಡ ಚಿತ್ರ ಮಾಡುತ್ತಿದ್ದರು. 1990ರ ಸುಮಾರಿಗೆ ಒಬ್ಬ ಹೈಸ್ಕೂಲ್ ಹುಡುಗ ಅವರ ಸ್ಟುಡಿಯೊಗೆ ಬಂದು, ಕಷ್ಟ ಏನು ಅಂತ ನಮಗೆ ಗೊತ್ತೇ ಇದೆ, ನೀವು ಕಲಾವಿದರಲ್ವಾ, ಪರಿಹಾರ ಹುಡುಕಬಾರದಾ ಅನ್ನೋ ಅರ್ಥದಲ್ಲಿ ಕೇಳಿದ. ಲೋ ಇದನ್ನು ಮುಂದೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. 1993ರಲ್ಲಿ ಅವರೂ ಸೇರಿ ಏಳು ಜನ ಕಪ್ಪು ಕಲಾವಿದರು ಪಾಳುಬಿದ್ದ 22 ಶಾಟ್‌ಗನ್ ಮನೆಗಳನ್ನು ಹಿಡಿದು ‘ಪ್ರಾಜೆಕ್ಟ್ ರೋ ಹೌಸಸ್’ ಶುರು ಮಾಡಿದರು. ಕೆಲವು ಮನೆ ಕಲಾವಿದರಿಗೆ, ಕೆಲವು ಒಂಟಿಯಾಗಿ ಮಗು ಸಾಕುತ್ತಾ ಓದುವ ಎಳೆಯ ತಾಯಂದಿರಿಗೆ. ಕಲೆ ಅಂದ್ರೆ ಗೋಡೆಗೆ ಬಣ್ಣ ಬಳಿಯೋದು ಅಂದುಕೊಂಡವರು ಈ ಎರಡನೆಯ ಸಾಲಿನ ಮನೆಗಳನ್ನು ನೋಡಬೇಕು.

ಹತ್ತಿರದ ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1990ರ ದಶಕದಲ್ಲೇ ಇವರ ಜೊತೆ ಸೇರಿದರು. ಇದೇ ಸಾಲುಮನೆಗಳ ಮಾದರಿಯಲ್ಲಿ ‘ಸಿಕ್ಸ್ ಸ್ಕ್ವೇರ್ ಹೌಸ್’ ಅನ್ನುವ ಪುಟ್ಟ ಮನೆ ಕಟ್ಟಿದರು. 2009ರಲ್ಲಿ ವಾಷಿಂಗ್ಟನ್ನಿನ ಸೋಲಾರ್ ಡೆಕಾಥ್ಲಾನ್ ಸ್ಪರ್ಧೆಗೆ ತಾವು ಮಾಡಿದ ಸೌರ ಮನೆಯನ್ನು ವಾಪಸ್ ತಂದು ಇಲ್ಲೇ ನಿಲ್ಲಿಸಿದರು. ಅದರ ಹೆಸರಲ್ಲೂ ‘ರೋ’ (ಸಾಲು) ಇದೆ: ‘ಝೀರೋ ಹೌಸ್’. ಎದುರುಬದುರು ಬಾಗಿಲಿದ್ದರೆ ಗಾಳಿ ಆಡುತ್ತೆ, ನೆಲವನ್ನು ಕಂಬದ ಮೇಲೆ ಎತ್ತಿದರೆ ಮಳೆನೀರು ಅಡಿಯಲ್ಲಿ ಹೋಗುತ್ತೆ, ಪೋರ್ಚ್ ರಸ್ತೆಗೆ ಮುಖ ಮಾಡಿದ್ದರೆ ಆಡುವ ಮಕ್ಕಳ ಮೇಲೆ ಇಡೀ ಬೀದಿಯ ಕಣ್ಣಿರುತ್ತೆ. ಇದನ್ನೆಲ್ಲ ಅಜ್ಜಿಯರನ್ನು ಕೇಳದೆ ಎಲ್ಲಿ ಕಲಿಯುತ್ತೀರಿ? ಹಾಗೇ ಬಿಟ್ಟರೆ ನಮ್ಮ ವಿದ್ಯಾರ್ಥಿಗಳು ಮುಂದುಗಡೆ ಕಾರ್ ಗ್ಯಾರೇಜು, ಎಂಟಡಿ ಕಾಂಪೌಂಡು ಹಾಕಿ ಬರುತ್ತಾರೆ.

ಪ್ರಶ್ನೆ: ಇದೆಲ್ಲ ಬಡವರ ಬೀದಿಗೆ ಪ್ರವಾಸ ಹೋದ ಹಾಗಲ್ಲವೇ? ಕಲಾವಿದರು ಬರುತ್ತಾರೆ, ಫೋಟೊ ಹೊಡೆಯುತ್ತಾರೆ, ಏರಿಯಾ ಫೇಮಸ್ ಆಗಿ ಬಾಡಿಗೆ ಏರುತ್ತೆ, ಮೊದಲಿದ್ದವರು ಗಂಟುಮೂಟೆ ಕಟ್ಟುತ್ತಾರೆ.
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಹೌದು ಮೇಷ್ಟ್ರೇ, ಹಾಗಾಗುತ್ತೆ. ಥರ್ಡ್ ವಾರ್ಡ್ ಊರಿನ ನಡುಮಧ್ಯದ ವ್ಯಾಪಾರ ಪ್ರದೇಶಕ್ಕೆ ಅಂಟಿಕೊಂಡಂತಿದೆ. ಜಾಗಕ್ಕೆ ಬೆಲೆ ಏರಿದೆ, ಹಳೇ ಮನೆ ಕೆಡವಿ ಮೂರಂತಸ್ತಿನ ಟೌನ್‌ಹೌಸ್ ಎಬ್ಬಿಸುತ್ತಿದ್ದಾರೆ. ಚಂದ ಮಾಡಿದ್ದೇ ತಪ್ಪಾಯ್ತಾ ಅನ್ನುವ ಪ್ರಶ್ನೆ ಅಲ್ಲಿನವರಿಗೂ ಇದೆ.

ಆದರೆ ಪ್ರಾಜೆಕ್ಟ್ ರೋ ಹೌಸಸ್‌ನವರು ಕೈಕಟ್ಟಿ ಕೂರಲಿಲ್ಲ. ಕಡಿಮೆ ಬಾಡಿಗೆಯ ಮನೆಗಳಿಗಾಗಿಯೇ 2003ರಲ್ಲಿ ‘ರೋ ಹೌಸ್ ಸಿಡಿಸಿ’ (ಸಮುದಾಯ ಅಭಿವೃದ್ಧಿ ನಿಗಮ) ಅನ್ನುವ ಬೇರೆ ಸಂಸ್ಥೆ ಮಾಡಿದರು. ಅದು ಕಟ್ಟಿಸಿದ ಜೋಡಿಮನೆಗಳ ವಿನ್ಯಾಸ ಅದೇ ರೈಸ್ ವಿದ್ಯಾರ್ಥಿ ತಂಡದ್ದು. 1999ರಲ್ಲಿ ದಾನವಾಗಿ ಬಂದ ಎಲ್ ಡೊರಾಡೊ ಬಾಲ್‌ರೂಮನ್ನು ಮಾರಿಕೊಳ್ಳದೆ ಇಟ್ಟುಕೊಂಡು, ರಿಪೇರಿ ಮಾಡಿಸಿ 2023ರಲ್ಲಿ ಮತ್ತೆ ತೆರೆದರು. ಎಲ್ಲರನ್ನೂ ಉಳಿಸಿಕೊಂಡರಾ? ಇಲ್ಲ. ಆದರೆ ಜಾಗದ ಪತ್ರ ಯಾರ ಹೆಸರಲ್ಲಿದೆ ಅನ್ನೋದು ಚಿತ್ರಕ್ಕಿಂತ ಮುಖ್ಯ ಅಂತ ಅವರಿಗೆ ಬೇಗ ತಿಳಿಯಿತು. ಒಂದು ಬೇಸಿಗೆ ಬಂದು ಗೋಡೆಚಿತ್ರ ಬಿಡಿಸಿ ಹೋಗುವ ಕೋರ್ಸುಗಳ ಬಗ್ಗೆ ನಿಮ್ಮ ಸಿಟ್ಟೇ ನನ್ನದೂ. ಅದೇ ಬೀದಿಗೆ ಹತ್ತು ವರ್ಷ ವಾಪಸ್ ಬರುವ ಕೋರ್ಸುಗಳ ಲೆಕ್ಕ ಬೇರೆ.

ಪ್ರಶ್ನೆ: ಇಂಥ ಕೋರ್ಸ್ ಸೇರುವ ಮುಂಚೆ ಏನು ವಿಚಾರಿಸಬೇಕು? ಅಮೆರಿಕಕ್ಕೆ ಹೋಗುವಷ್ಟು ದುಡ್ಡಿಲ್ಲ, ನಮ್ಮ ಕಡೆ ಏನಾದರೂ ಇದೆಯೇ? ಸರ್ಟಿಫಿಕೇಟಿಗೆ ಕೆಲಸ ಸಿಗುತ್ತಾ?
– ಎರಡನೇ ವರ್ಷದ ವಿದ್ಯಾರ್ಥಿನಿ, ಬೆಳಗಾವಿ

ವಿಚಾರಿಸಬೇಕಾದದ್ದು: ಇದನ್ನು ಕಟ್ಟಿಕೊಡಿ ಅಂತ ಕೇಳಿದವರು ಯಾರು? ಬಡಾವಣೆಯವರಾ, ನಿಮ್ಮ ಪ್ರೊಫೆಸರಾ? ನೀವು ಹೋದ ಮೇಲೆ ಸೂರು ಸೋರಿದರೆ ಫೋನ್ ಯಾರಿಗೆ ಬರುತ್ತೆ? ಹೋದ ವರ್ಷ ಕಟ್ಟಿದ್ದು ಈಗ ಹೇಗಿದೆ? ಈ ಕೊನೆಯದಕ್ಕೆ ಸುಮ್ನೆ ಉತ್ತರ ಕೇಳಬೇಡಿ, ಫೋಟೊ ಕೇಳಿ.

ನಮ್ಮ ಕಡೆ ಕೈಕೆಲಸಕ್ಕಾದರೆ ಪುದುಚೇರಿ ಹತ್ತಿರದ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಣ್ಣಿನ ಇಟ್ಟಿಗೆ ಒತ್ತೋದು, ಕಮಾನು ಕಟ್ಟೋದು ಕಲಿಸುತ್ತಾರೆ. ಬಡಾವಣೆಯ ಇತಿಹಾಸಕ್ಕೆ ಕೋರ್ಸೇ ಬೇಕಿಲ್ಲ. ನಿಮ್ಮೂರಿನ ಯಾವುದಾದರೂ ಹಳೇ ಗಲ್ಲಿ ಹಿಡಿದು, ಅಳತೆ ಟೇಪು ಹಿಡಿಯೋಕೆ ಒಬ್ಬ ಗೆಳತಿ ಇದ್ದರೆ, ಈ ರಜೆಯಲ್ಲೇ ಶುರು ಮಾಡಬಹುದು.

ಬರೀ ಸರ್ಟಿಫಿಕೇಟಿಗೆ ಕೆಲಸ ಸಿಗಲ್ಲ. ಪೋರ್ಟ್‌ಫೋಲಿಯೊದಲ್ಲಿ ಗುಂಪಿನ ಫೋಟೊ ಹಾಕಬೇಡಿ. ನೀವೇ ಬರೆದ ಒಂದು ಜೋಡಣೆಯ ನಕ್ಷೆ, ಪಕ್ಕದಲ್ಲಿ ಅದು ಕಟ್ಟಿ ಮುಗಿದಾಗಿನ ಫೋಟೊ, ಎಲ್ಲಿ ಅಳತೆ ಬದಲಾಯಿತು, ಯಾಕೆ ಬದಲಾಯಿತು ಅಂತ ಎರಡು ಸಾಲು. ಇಂಟರ್‌ವ್ಯೂನಲ್ಲಿ ಅದರ ಮೇಲೆಯೇ ಅರ್ಧ ಗಂಟೆ ಮಾತಾಡಿಸುತ್ತಾರೆ, ತಯಾರಾಗಿ ಹೋಗಿ.