ಚಾಕ್‌ಪೀಸಿನ ಗೆರೆ, ಕುಂಚದ ಗೆರೆ

ಪ್ರಶ್ನೆ: ಚೌಕಿಪೇಟೆ ಹತ್ತಿರ ರವಿಕೆ, ಚೂಡಿದಾರ್ ಹೊಲಿಯುತ್ತೇನೆ ಸಾರ್. ಮಗಳು ಮೊಬೈಲಿನಲ್ಲಿ ಲೆಬನಾನಿನ ಯೂಗೆಟ್ ಕಲಾಂಡ್ ಅವರ ಚಿತ್ರಗಳನ್ನು ತೋರಿಸಿದಳು. ಜೊತೆಗೆ ಅವರು ಮಾಡಿದ ಉದ್ದನೆಯ ನಿಲುವಂಗಿಗಳೂ ಇದ್ದವು. ಅವರು ಚಿತ್ರ ಬರೆಯುವವರೋ, ಬಟ್ಟೆ ಡಿಸೈನರೋ? ನನಗೂ ಬಣ್ಣದ ಆಸೆ ಇದೆ. ವಯಸ್ಸು 41. ತಡವಾಯಿತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಹೌದಮ್ಮ. ಅವರು ಹುಟ್ಟಿದ್ದು 1931ರಲ್ಲಿ, ಬೈರೂತಿನಲ್ಲಿ. ತಂದೆ ಬಿಶಾರಾ ಅಲ್ ಖೂರಿ ಸ್ವತಂತ್ರ ಲೆಬನಾನಿನ ಮೊದಲ ಅಧ್ಯಕ್ಷರು. ತಂದೆಯ ಕಾಯಿಲೆಯಲ್ಲಿ ಮಗಳೇ ಆರೈಕೆ ಮಾಡಿದರು. 1964ರಲ್ಲಿ ತಂದೆ ತೀರಿಕೊಂಡ ಮೇಲೆ ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಯಲು ಸೇರಿದರು. ಆಗ ಮೂರು ಮಕ್ಕಳ ತಾಯಿ. ಬಿಗಿ ಉಡುಪು ಬಿಟ್ಟು, ಮೈಗೆ ಹಾಯಾಗಿರಲಿ ಅಂತ ಸಡಿಲ ಅಬಾಯಾ ತೊಡತೊಡಗಿದ್ದೂ ಆ ದಿನಗಳಲ್ಲೇ.

1970ರಲ್ಲಿ ಗಂಡ, ಮಕ್ಕಳನ್ನು ಬೈರೂತಿನಲ್ಲೇ ಬಿಟ್ಟು ಪ್ಯಾರಿಸ್‌ಗೆ ಹೋದರು. ಆ ಮಾತು ಓದಿದಾಗಲೆಲ್ಲ ನನಗೆ ಮಕ್ಕಳ ನೆನಪೇ ಮೊದಲು ಬರುತ್ತದೆ. ಆದರೆ ಅವರ ದೊಡ್ಡ ಕೆಲಸ ಹುಟ್ಟಿದ್ದು ಅಲ್ಲೇ. 'ಮೈಯ ತುಣುಕುಗಳು' ಎಂಬ ಅರ್ಥದ ಹೆಸರಿನ ಚಿತ್ರಮಾಲೆ ಅದು. ಮೊದಲು ನೋಡಿದರೆ ಕೆಂಪು, ಕಿತ್ತಳೆ ಗುಡ್ಡಗಳ ಹಾಗೆ. ಎರಡು ಬಣ್ಣ ಕೂಡುವ ಕಡೆ ಒಂದು ತೆಳು ಗೆರೆ. ಸ್ವಲ್ಪ ಹೊತ್ತು ನೋಡಿ, ಅದು ಗುಡ್ಡವಲ್ಲ, ಮೈಯ ಮಡಿಕೆ! ನಾನು ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟವನು. ಅಷ್ಟು ಕಡಿಮೆಯಲ್ಲಿ ಅಷ್ಟು ಹೇಳುವ ಗೆರೆ ಎಷ್ಟು ಕಷ್ಟ ಅಂತ ಬಲ್ಲೆ.

ಅದೇ ಗೆರೆ ನಿಲುವಂಗಿಗಳ ಮೇಲೂ ಬಂತು. ಮೈ ಮುಚ್ಚುವ ಬಟ್ಟೆಯ ಮೇಲೇ ಮೈಯ ಚಿತ್ರ, ಮುಖಗಳು. ಅವರು ತೊಟ್ಟ ಕಾಫ್ತಾನ್ ಎಂಬ ಸಡಿಲ ನಿಲುವಂಗಿ ಮೆಚ್ಚಿ ಫ್ಯಾಷನ್ ಲೋಕದ ಪಿಯೇರ್ ಕಾರ್ದಾಂ ಅವರೇ ಕೆಲಸಕ್ಕೆ ಕರೆದರು. 1979ರಲ್ಲಿ ನೂರಕ್ಕೂ ಹೆಚ್ಚು ಕಾಫ್ತಾನ್ ಸಿದ್ಧವಾದವು. ಆಮೇಲೆ ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ಬಹಳ ವರ್ಷ ಇದ್ದು, ಬೈರೂತಿಗೇ ಮರಳಿ, 2019ರಲ್ಲಿ ತೀರಿಕೊಂಡರು.

ತಡ ಅಂದಿರಿ. ನನ್ನ ಅಮ್ಮನೂ ಹೊಲಿಗೆಯವರೇ. ರವಿಕೆಯ ಕಂಕುಳ ಭಾಗ ಕತ್ತರಿಸುವ ಮೊದಲು ಚಾಕ್‌ಪೀಸ್ ಹಿಡಿದು, ಕೈ ಎತ್ತದೆ ಒಂದೇ ಸಲಕ್ಕೆ ಆ ತಿರುವು ಎಳೆಯುತ್ತಿದ್ದರು. ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು, ಮುಟ್ಟುತ್ತಿರಲಿಲ್ಲ. ನೀವೂ ದಿನಾ ಅದನ್ನೇ ಮಾಡ್ತೀರಿ, ಅಲ್ವಾ? ಉಳಿದ ಲೈನಿಂಗ್ ಬಟ್ಟೆಯ ಒಂದು ತುಂಡು ತೆಗೆದುಕೊಳ್ಳಿ. ನಿಮ್ಮದೇ ಎಡಗೈ ನೋಡುತ್ತಾ ಚಾಕ್‌ಪೀಸಿನಲ್ಲಿ ಬರೆಯಿರಿ. ಅಳಿಸಬೇಡಿ. ಬಟ್ಟೆ ಮಡಚದೆ, ಸುರುಳಿ ಸುತ್ತಿ ನನಗೆ ಕಳಿಸಿ.