ಹತ್ತು ತಿಂಗಳ ಮಗುವಿಗೆ ಕಾರ್ ಸೀಟ್: ಯಾವುದು ತಗೊಳ್ಳೋದು, ಹೇಗೆ ಫಿಟ್ ಮಾಡೋದು?

ನೀವು ಕೇಳಿರುವುದು ಇಷ್ಟು. ಮನೆ ಚಿಕ್ಕಮಗಳೂರು, ತವರು ಬೆಂಗಳೂರು. ಮಗಳಿಗೆ 10 ತಿಂಗಳು, ತೂಕ 9 ಕೆ.ಜಿ. ಕಾರು ಐದಾರು ವರ್ಷ ಹಳೇ ಹ್ಯಾಚ್‌ಬ್ಯಾಕ್. ಅಂಗಡಿಯವರು "9 ಕೆ.ಜಿ. ಆಯ್ತಲ್ಲ, ಮುಂದಕ್ಕೆ ಮುಖ ಮಾಡಿ ಕೂರೋ ಸೀಟೇ ತಗೊಳ್ಳಿ" ಅಂದಿದ್ದಾರೆ. ಅತ್ತೆಯವರು "ತೊಡೆ ಮೇಲೆ ಕೂರಿಸ್ಕೊಂಡ್ರೆ ಸಾಲ್ದಾ, ಅಷ್ಟು ದುಡ್ಡು ಯಾಕೆ" ಅಂತಿದ್ದಾರೆ. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ಸೀಟು ಬೇಕೇ ಬೇಕು. ಮಗುವಿನ ಮುಖ ಇನ್ನೂ ಹಿಂದಿನ ಗಾಜಿನ ಕಡೆಗೇ ಇರಬೇಕು. ಕಂಪನಿ, ಬಣ್ಣ, ಬೆಲೆ ಎಲ್ಲಾ ಆಮೇಲೆ. ಆ ಸೀಟು ನಿಮ್ಮ ಕಾರಿನಲ್ಲಿ ಅಲ್ಲಾಡದೆ ಕೂರುತ್ತದಾ ಅನ್ನುವುದೇ ಮೊದಲು ನೋಡಬೇಕಾದದ್ದು. ನಾನು ಹಾಸನದವಳು, ಎರಡು ಮಕ್ಕಳ ತಾಯಿ, ತವರು ಮೂಡಿಗೆರೆ ಕಡೆ. ನೀವು ಓಡಾಡುವ ಥರದ ರಸ್ತೆಗಳಲ್ಲೇ ನಾನೂ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದು.

ತೊಡೆಯ ಮಾತು ಮೊದಲು ಮುಗಿಸುತ್ತೇನೆ, ಮನೆಯಲ್ಲಿ ಎಲ್ಲದಕ್ಕಿಂತ ಕಷ್ಟದ ಮಾತು ಅದೇ ಅಲ್ವಾ. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಎದುರಿಗೆ ಏನಾದರೂ ಗುದ್ದಿದರೆ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಕಾರು ನಿಂತುಬಿಡುತ್ತದೆ, ಆದರೆ ಒಳಗಿರುವ ಮಗು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ಆ ಕ್ಷಣದಲ್ಲಿ 9 ಕೆ.ಜಿ. ಮಗುವನ್ನು ತಡೆದು ಹಿಡಿಯಲು ನೂರು ಕೆ.ಜಿ. ಮೂಟೆಯನ್ನು ಎತ್ತುವುದಕ್ಕಿಂತ ಜಾಸ್ತಿ ಬಲ ಬೇಕು. ಯಾವ ಅಜ್ಜಿಯ ಕೈಯಲ್ಲೂ ಆಗುವುದಿಲ್ಲ, ನನ್ನ ಕೈಯಲ್ಲೂ ಆಗುವುದಿಲ್ಲ. ಆ ವೇಗದಲ್ಲಿ ಗುದ್ದುವುದು ಅಂದರೆ ಹತ್ತು ಮೀಟರ್ ಎತ್ತರದಿಂದ ಕೆಳಕ್ಕೆ ಬಿದ್ದಷ್ಟು ಪೆಟ್ಟು. ಅಜ್ಜಿ ಬೆಲ್ಟ್ ಹಾಕಿರದಿದ್ದರೆ ಅವರ ಭಾರವೂ ಮಗುವಿನ ಮೇಲೇ ಬೀಳುತ್ತದೆ. ಒಂದೇ ಬೆಲ್ಟನ್ನು ದೊಡ್ಡವರಿಗೂ ಮಗುವಿಗೂ ಸೇರಿಸಿ ಸುತ್ತುತ್ತಾರಲ್ಲ, ಅದು ಇನ್ನೂ ಅಪಾಯ, ಯಾಕೆಂದರೆ ಹಿಂದಿನಿಂದ ದೊಡ್ಡವರ ಭಾರ, ಮುಂದಿನಿಂದ ಬೆಲ್ಟು, ನಡುವೆ ಮಗು.

"ನಾವು ನಿಧಾನಕ್ಕೆ ಹೋಗ್ತೀವಿ" ಅನ್ನುವುದು ಎಲ್ಲರ ಮನೆಯ ಮಾತು. ನೀವು ನಿಧಾನಕ್ಕೆ ಹೋದರೂ ಎದುರಿನವರು ಹಾಗೆ ಬರುವುದಿಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆ ತಿರುವಿನಲ್ಲಿ ಆನೆ ನಿಂತಿರುತ್ತದೆ, ಇಲ್ಲವಾದರೆ ದನ. ಆಗ ಬ್ರೇಕ್ ಒತ್ತುವ ಮುಂಚೆ ಯಾರೂ ಯೋಚನೆ ಮಾಡಿ ಒತ್ತುವುದಿಲ್ಲ. ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗು ಬೆಲ್ಟಿನಲ್ಲಾಗಲೀ ಮಕ್ಕಳ ಸೀಟಿನಲ್ಲಾಗಲೀ ಇಲ್ಲದಿದ್ದರೆ 1,000 ರೂಪಾಯಿ ದಂಡ. ನಮ್ಮ ಕಡೆ ಇದಕ್ಕಾಗಿ ಗಾಡಿ ನಿಲ್ಲಿಸಿದ್ದನ್ನು ನಾನು ನೋಡಿಲ್ಲ, ಆದರೆ ದಂಡಕ್ಕೆ ಹೆದರಿ ತಗೊಳ್ಳುವ ವಸ್ತು ಇದಲ್ಲ.

ಇನ್ನು ಅಂಗಡಿಯವರ 9 ಕೆ.ಜಿ. ಲೆಕ್ಕ. ಅವರು ಸುಳ್ಳು ಹೇಳಿಲ್ಲ. ಯುರೋಪಿನ ಹಳೇ ನಿಯಮ ಆರ್44ರಲ್ಲಿ ತೂಕದ ಮೇಲೆ ಗುಂಪು ಮಾಡಿದ್ದಾರೆ, ಅದರಲ್ಲಿ 9 ಕೆ.ಜಿ.ಯಿಂದ ಮುಂದಕ್ಕೆ ಮುಖ ಮಾಡಿಸಬಹುದು ಅಂತಿದೆ. ಆಮೇಲೆ ಬಂದ ಆರ್129 ನಿಯಮ, ಐ-ಸೈಜ್ ಅನ್ನುತ್ತಾರಲ್ಲ ಅದು, ಎತ್ತರದ ಮೇಲೆ ಹೋಗುತ್ತದೆ ಮತ್ತು ಕನಿಷ್ಠ 15 ತಿಂಗಳವರೆಗೆ ಮುಖ ಹಿಂದಕ್ಕೇ ಇರಬೇಕು ಅನ್ನುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಲ್ಲಿ ವಯಸ್ಸಿನ ಲೆಕ್ಕವನ್ನೇ ಬಿಟ್ಟು, ಆ ಸೀಟಿನ ತೂಕ ಮತ್ತು ಎತ್ತರದ ಮಿತಿ ಮುಟ್ಟುವವರೆಗೂ ಹಿಂದಕ್ಕೇ ಇರಲಿ ಅಂದಿದೆ. ಸ್ವೀಡನ್‌ನಲ್ಲಿ ನಾಲ್ಕು ವರ್ಷದವರೆಗೂ ಹಾಗೇ ಕೂರಿಸುವುದು ರೂಢಿ.

ಕಾರಣ ಸರಳ. ಈ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ತುಂಬಾ ದೊಡ್ಡದು, ಭಾರ ಜಾಸ್ತಿ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ನಡುನಡುವೆ ಮೆದು ಮೂಳೆಯೇ ಇರುತ್ತದೆ. ಮುಂದಕ್ಕೆ ಮುಖ ಮಾಡಿ ಕೂತಾಗ ಗುದ್ದಿದರೆ ಮೈಯನ್ನು ಬೆಲ್ಟ್ ಹಿಡಿಯುತ್ತದೆ, ತಲೆಯನ್ನು ಹಿಡಿಯುವವರು ಯಾರೂ ಇಲ್ಲ, ಅಷ್ಟು ಭಾರವೂ ಆ ಎಳೇ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಒರಗಿಗೆ ಒತ್ತಿಕೊಳ್ಳುತ್ತವೆ, ಪೆಟ್ಟು ಹಂಚಿಹೋಗುತ್ತದೆ. ಕಾಲು ಮಡಚಿಕೊಂಡು ಕೂರಬೇಕಲ್ಲ ಪಾಪ ಅಂತ ಮನೆಯಲ್ಲಿ ಹೇಳುತ್ತಾರೆ. ಮಕ್ಕಳು ಮನೆಯಲ್ಲೂ ಹಾಗೇ ಚಕ್ಕಳಮಕ್ಕಳ ಹಾಕಿಕೊಂಡೇ ಕೂರುವುದು, ಅವರಿಗೆ ಏನೂ ಆಗುವುದಿಲ್ಲ. ಘಾಟಿಯಲ್ಲಿ ವಾಂತಿ ಬರುತ್ತದೆ ಅನ್ನುವ ಭಯ ಇದ್ದರೆ, ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಕಮ್ಮಿ, ಅದು ಆಮೇಲೆ ಶುರುವಾಗುವುದು ಜಾಸ್ತಿ.

ತಗೊಳ್ಳುವಾಗ ಹಿಡಿ ಇರುವ ಬುಟ್ಟಿ ಥರದ ಸೀಟು ಬೇಡ, ಅದು 13 ಕೆ.ಜಿ.ಗೆ ಮುಗಿಯುತ್ತದೆ, ನಿಮ್ಮ ಮಗಳು ಆಗಲೇ 9 ಇದ್ದಾಳೆ. ಎರಡೂ ಕಡೆ ತಿರುಗಿಸಬಹುದಾದ ಕನ್ವರ್ಟಿಬಲ್ ಸೀಟು ತಗೊಳ್ಳಿ. ಪೆಟ್ಟಿಗೆ ಮೇಲೆ ದೊಡ್ಡದಾಗಿ 0ಯಿಂದ 36 ಕೆ.ಜಿ. ಅಂತ ಬರೆದಿರುವುದನ್ನು ನೋಡಿ ಮೋಸ ಹೋಗಬೇಡಿ. ಹಿಂದಕ್ಕೆ ಮುಖ ಮಾಡಿ ಎಷ್ಟು ಕೆ.ಜಿ. ಅಥವಾ ಎಷ್ಟು ಸೆಂ.ಮೀ.ವರೆಗೆ ಅಂತ ಬೇರೆಯಾಗಿ ಕೇಳಿ. ಆರ್44ರ ಎಷ್ಟೋ ಸೀಟುಗಳಲ್ಲಿ ಅದು 13ಕ್ಕೇ ನಿಲ್ಲುತ್ತದೆ, ಕೆಲವದರಲ್ಲಿ 18ರವರೆಗೆ ಇದೆ. ಐ-ಸೈಜ್ ಸೀಟುಗಳಲ್ಲಿ 105 ಸೆಂ.ಮೀ.ವರೆಗೆ ಹಿಂದಕ್ಕೆ ಕೂರಿಸುವಂಥವು ಸಿಗುತ್ತವೆ, ದುಡ್ಡು ಸಾಲುವುದಾದರೆ ಅದೇ ಒಳ್ಳೆಯದು, ಪಕ್ಕದಿಂದ ಗುದ್ದುವ ಪರೀಕ್ಷೆಯೂ ಅದರಲ್ಲಿ ಸೇರಿದೆ. ಸೀಟಿನ ಬೆನ್ನಿಗೋ ಅಡಿಗೋ ಕಿತ್ತಳೆ ಬಣ್ಣದ ಲೇಬಲ್ ಅಂಟಿಸಿರುತ್ತಾರೆ, ಅದರಲ್ಲಿ ಸುತ್ತಿನೊಳಗೆ ಇಂಗ್ಲಿಷಿನ E ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ನಮ್ಮ ದೇಶದ ನಿಯಮ ಎಐಎಸ್-072. ಇವೆರಡರಲ್ಲಿ ಒಂದೂ ಇಲ್ಲದ, ಬರೀ ಬಟ್ಟೆ ಮತ್ತು ಪಟ್ಟಿಯಲ್ಲಿ ಮಾಡಿದ ಮಡಚುವ ಸೀಟುಗಳು ಆನ್‌ಲೈನ್‌ನಲ್ಲಿ ಕಮ್ಮಿ ಬೆಲೆಗೆ ಸಿಗುತ್ತವೆ, ಅವನ್ನು ಮುಟ್ಟಲೇಬೇಡಿ. ಯಾರೋ ಬಳಸಿದ ಸೀಟು ಕೊಟ್ಟರೆ, ಅದು ಅಪಘಾತ ಕಂಡಿಲ್ಲ ಅಂತ ಗ್ಯಾರಂಟಿ ಇದ್ದರೆ ಮಾತ್ರ ತಗೊಳ್ಳಿ. ಒಮ್ಮೆ ಗಟ್ಟಿಯಾಗಿ ಗುದ್ದಿಸಿಕೊಂಡ ಸೀಟು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು.

ಐಸೋಫಿಕ್ಸ್ (ಸೀಟನ್ನು ಬೆಲ್ಟಿಲ್ಲದೆ ಕಾರಿನಲ್ಲೇ ಇರುವ ಕೊಂಡಿಗಳಿಗೆ ಸಿಕ್ಕಿಸುವ ವ್ಯವಸ್ಥೆ) ಬೇಕಾ, ಕಾರಿನ ಬೆಲ್ಟಿನಲ್ಲಿ ಕಟ್ಟಿದರೆ ಸಾಕಾ? ಎರಡೂ ಸರಿಯೇ. ಬಿಗಿಯಾಗಿ ಕೂತ ಬೆಲ್ಟಿನ ಸೀಟು ಒಳ್ಳೆಯ ಸೀಟೇ. ಬೇರೆ ಕಾರಿಗೂ ಟ್ಯಾಕ್ಸಿಗೂ ಆಗಾಗ ಬದಲಾಯಿಸುವುದಾದರೆ ಬೆಲ್ಟಿನದ್ದೇ ಅನುಕೂಲ. ಐಸೋಫಿಕ್ಸ್‌ನಲ್ಲಿ ತಪ್ಪಾಗುವುದು ಕಮ್ಮಿ, ಅಷ್ಟೇ. ನಿಮ್ಮ ಕಾರಿನಲ್ಲಿ ಅದು ಇದೆಯೋ ಇಲ್ಲವೋ ಕೈ ಹಾಕಿ ನೋಡಬೇಕು. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಬೆರಳು ತೂರಿಸಿದರೆ 28 ಸೆಂ.ಮೀ. ಅಂತರದಲ್ಲಿ ಎರಡು ಕಬ್ಬಿಣದ ಕೊಂಡಿ ಸಿಗುತ್ತವೆ. ಇಲ್ಲೇ ನಮ್ಮ ಕಡೆಯ ತೊಂದರೆ ಶುರುವಾಗುವುದು. ಕಾರು ತಗೊಂಡ ವಾರದಲ್ಲೇ ದಪ್ಪ ರೆಕ್ಸಿನ್ ಸೀಟ್ ಕವರ್ ಹಾಕಿಸಿರುತ್ತೇವೆ, ಅದು ಆ ಸಂದಿಯನ್ನೇ ಮುಚ್ಚಿಬಿಟ್ಟಿರುತ್ತದೆ, ಎಷ್ಟೋ ಜನ ನಮ್ಮ ಕಾರಿಗೆ ಐಸೋಫಿಕ್ಸ್ ಇಲ್ಲ ಅಂತಲೇ ತಿಳಿದುಕೊಂಡಿರುತ್ತಾರೆ. ಕವರ್ ಹಾಕಿದವರ ಹತ್ತಿರವೇ ಹೋಗಿ ಆ ಎರಡು ಜಾಗದಲ್ಲಿ ಸೀಳಿಸಿ ಅಂಚು ಹೊಲಿಸಿಕೊಳ್ಳಿ. ಬೆಲ್ಟಿನಲ್ಲಿ ಕಟ್ಟುವುದಾದರೂ ಆ ಜಾರುವ ರೆಕ್ಸಿನ್ ಮತ್ತು ಅದರೊಳಗಿನ ಸ್ಪಂಜಿನಿಂದ ಬಿಗಿ ನಿಲ್ಲುವುದಿಲ್ಲ, ಆ ಒಂದು ಕಡೆಯಾದರೂ ಕವರ್ ತೆಗೆದುಬಿಡುವುದು ಉತ್ತಮ. ಕೆಳಗೆ ದಿಂಬು, ಮಡಚಿದ ಕಂಬಳಿ ಏನೂ ಇಡಬೇಡಿ.

ಜಾಗ ಹಿಂದಿನ ಸೀಟೇ. ಎಡಗಡೆ ಒಳ್ಳೆಯದು, ಇಳಿಸುವಾಗ ರಸ್ತೆ ಬದಿಗೆ ಇರುತ್ತೀರಿ. ನಡುವೆ ಬರೀ ಸೊಂಟದ ಬೆಲ್ಟ್ ಇದ್ದರೆ ಅಲ್ಲಿ ಆಗುವುದಿಲ್ಲ, ಮೂರು ಕಡೆ ಹಿಡಿಯುವ ಬೆಲ್ಟೇ ಬೇಕು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಎದುರಿಗೆ ಮಗುವನ್ನು ಹಿಂದಕ್ಕೆ ಮುಖ ಮಾಡಿಸಿ ಯಾವತ್ತೂ ಇಡಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ನೇರ ಸೀಟಿನ ಬೆನ್ನಿಗೆ, ಮಗುವಿನ ತಲೆ ಇರುವ ಜಾಗಕ್ಕೇ ಹೊಡೆಯುತ್ತದೆ, ಅದರಿಂದ ಮಕ್ಕಳು ಸತ್ತಿದ್ದಾರೆ.

ಬೆಲ್ಟಿನಲ್ಲಿ ಕಟ್ಟುವಾಗ ಸೀಟಿನ ಮೇಲೆ ಬಣ್ಣದ ಗುರುತು ನೋಡಿ. ನೀಲಿ ಅಂದರೆ ಹಿಂದಕ್ಕೆ ಮುಖ, ಕೆಂಪು ಅಂದರೆ ಮುಂದಕ್ಕೆ. ನೀವು ನೀಲಿ ದಾರಿಯಲ್ಲೇ ಬೆಲ್ಟ್ ತೂರಿಸಬೇಕು. ತಿರುಚಿಕೊಂಡಿರಬಾರದು. ಬಕಲ್ ಕ್ಲಿಕ್ ಆದ ಮೇಲೆ ಸೀಟಿನ ಮೇಲೆ ಒಂದು ಮೊಣಕಾಲು ಊರಿ, ನಿಮ್ಮ ಭಾರ ಪೂರ್ತಿ ಹಾಕಿ, ಮೊದಲು ಸೊಂಟದ ಪಟ್ಟಿಯ ಸಡಿಲವನ್ನೆಲ್ಲ ಎಳೆಯಿರಿ, ಆಮೇಲೆ ಹೆಗಲಿನ ಪಟ್ಟಿಯದ್ದು. ಸೀಟಿನಲ್ಲಿ ಬೆಲ್ಟ್ ಹಿಡಿಯುವ ಕ್ಲಿಪ್ ಇದ್ದರೆ ಆಗ ಅದುಮಿ. ಒಂದು ವಿಷಯ ಬೆರಳಿನಲ್ಲೇ ಮುಟ್ಟಿ ನೋಡಬೇಕು: ಕಾರಿನ ಬಕಲ್ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಅಡ್ಡಡ್ಡ ಒತ್ತಿಕೊಂಡು ಬಾಗಿದ್ದರೆ ಆ ಜಾಗ ಸರಿಯಿಲ್ಲ, ಅಪಘಾತದಲ್ಲಿ ಬಕಲ್ಲೇ ಮುರಿಯಬಹುದು ಅಥವಾ ಬಿಚ್ಚಿಕೊಳ್ಳಬಹುದು. ಆ ಕಡೆ ಆಗದಿದ್ದರೆ ಇನ್ನೊಂದು ಕಡೆ ಪ್ರಯತ್ನಿಸಿ, ಅಲ್ಲೂ ಹಾಗೇ ಆದರೆ ಆ ಸೀಟು ನಿಮ್ಮ ಕಾರಿಗೆ ಅಲ್ಲ. ಸಣ್ಣ ಕಾರುಗಳಲ್ಲಿ ಬೆಲ್ಟಿನ ಉದ್ದವೇ ಸಾಲದೆ ಹೋಗುವುದೂ ಉಂಟು. ಅದಕ್ಕೇ ದುಡ್ಡು ಕೊಡುವ ಮುಂಚೆ ಸೀಟನ್ನು ಕಾರಿನಲ್ಲಿಟ್ಟು ನೋಡಿ, ಮುಂದಿನ ಸೀಟಿನವರ ಮೊಣಕಾಲಿಗೂ ಜಾಗ ಉಳಿಯುತ್ತದಾ ಅಂತ ಸಹ. ಇಟ್ಟು ನೋಡಲು ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ. ಆನ್‌ಲೈನ್ ಆದರೆ ವಾಪಸ್ ಕೊಡುವ ಅವಕಾಶ ಇರಲಿ.

ಐಸೋಫಿಕ್ಸ್ ಆದರೆ ಎರಡೂ ಕಡೆ ಕ್ಲಿಕ್ ಕೇಳಬೇಕು, ಗುರುತು ಹಸಿರಾಗಬೇಕು. ಮೂರನೇ ಆಧಾರವನ್ನು ಮರೆಯುವವರೇ ಜಾಸ್ತಿ. ಅದು ಕೆಲವು ಸೀಟಿನಲ್ಲಿ ನೆಲಕ್ಕೆ ಊರುವ ಕಾಲು, ಕೆಲವದರಲ್ಲಿ ಮೇಲಿನ ಪಟ್ಟಿ. ಕಾಲಾದರೆ ದಪ್ಪ ಮ್ಯಾಟ್ ತೆಗೆದು ನೆಲಕ್ಕೇ ಗಟ್ಟಿಯಾಗಿ ಊರಿಸಿ. ಪಟ್ಟಿಯಾದರೆ ಅದರ ಕೊಕ್ಕೆಯನ್ನು ಲಂಗರಿನ ಚಿತ್ರ ಇರುವ ಕೊಂಡಿಗೇ ಹಾಕಬೇಕು, ಹ್ಯಾಚ್‌ಬ್ಯಾಕಿನಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಒರಗಿನ ಬೆನ್ನಿಗೆ, ಡಿಕ್ಕಿ ಕಡೆಗೆ ಇರುತ್ತದೆ. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಂಡಿಗೆ ಹಾಕಿದರೆ ಅದು ತಡೆಯುವುದಿಲ್ಲ.

ಮುಗಿದ ಮೇಲೆ ಪರೀಕ್ಷೆ. ಬೆಲ್ಟ್ ಅಥವಾ ಕೊಂಡಿ ಹಾದುಹೋಗುವ ಜಾಗದ ಹತ್ತಿರವೇ ಸೀಟನ್ನು ಹಿಡಿದು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಅಲ್ಲಾಡಿಸಿ. ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಮೇಲ್ತುದಿ ಹಿಡಿದು ಅಲ್ಲಾಡಿಸಿದರೆ ಹಿಂದಕ್ಕೆ ಮುಖ ಮಾಡಿದ ಸೀಟು ಸ್ವಲ್ಪ ಆಡುತ್ತದೆ, ಅದಕ್ಕೆ ಗಾಬರಿ ಬೇಡ. ಒರಗಿನ ಓರೆ ಸರಿಯಿದೆಯಾ ಅಂತ ಪಕ್ಕದಲ್ಲಿರುವ ಗೆರೆ ಅಥವಾ ಗುಳ್ಳೆ ನೋಡಿ. ಅದನ್ನು ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ನೋಡಬೇಕು, ನಿಮ್ಮ ಊರಿನಲ್ಲಿ ಮನೆ ಮುಂದಿನ ರಸ್ತೆಯೇ ಇಳಿಜಾರು ಇರಬಹುದು.

ಮಗುವಿನ ಪಟ್ಟಿ: ಹಿಂದಕ್ಕೆ ಮುಖ ಮಾಡಿದಾಗ ಹೆಗಲಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಬಿಗಿ ಮಾಡಿದ ಮೇಲೆ ಹೆಗಲಿನ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕರೆ ಇನ್ನೂ ಸಡಿಲ ಅಂತ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮಳೆಗಾಲ, ಚಳಿಗಾಲ ಅಂದರೆ ಮಕ್ಕಳಿಗೆ ದಪ್ಪ ಸ್ವೆಟರ್, ಜಾಕೆಟ್. ಅದರ ಮೇಲೆ ಪಟ್ಟಿ ಹಾಕಿದರೆ ಬಿಗಿಯಾಗಿದೆ ಅಂತ ಅನ್ನಿಸುತ್ತದೆ, ಆದರೆ ಹಾಗಿರುವುದಿಲ್ಲ. ಒಂದು ಸಲ ಮಾಡಿ ನೋಡಿ: ಜಾಕೆಟ್ ಸಮೇತ ಕೂರಿಸಿ ಪಟ್ಟಿ ಬಿಗಿ ಮಾಡಿ. ಪಟ್ಟಿಯನ್ನು ಸಡಿಲಿಸದೆ ಬಕಲ್ ಮಾತ್ರ ಬಿಚ್ಚಿ ಮಗುವನ್ನು ಎತ್ತಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ ಬಕಲ್ ಹಾಕಿ. ಎಷ್ಟು ಜಾಗ ಖಾಲಿ ಇದೆ ಅಂತ ಕಣ್ಣಿಗೇ ಕಾಣುತ್ತದೆ. ತೆಳು ಬಟ್ಟೆಯಲ್ಲಿ ಕೂರಿಸಿ, ಪಟ್ಟಿ ಹಾಕಿ, ಆಮೇಲೆ ಮೇಲಿನಿಂದ ಶಾಲು ಹೊದಿಸಿ. ನನ್ನ ಅಮ್ಮನಿಗೆ ಇದನ್ನು ಮಾಡಿ ತೋರಿಸಿದ ಮೇಲೆ ಈಗ ಅವರೇ ಮೊಮ್ಮಕ್ಕಳ ಸ್ವೆಟರ್ ಬಿಚ್ಚಿಸುತ್ತಾರೆ, ನಿಮ್ಮ ಅತ್ತೆಯವರಿಗೂ ಹೀಗೇ ತೋರಿಸಿ.

ಮೊದಲ ಕೆಲವು ದಿನ ಅಳುತ್ತಾಳೆ. ಊರೊಳಗೆ ಸಣ್ಣ ಸಣ್ಣ ಓಡಾಟದಲ್ಲಿ ಅಭ್ಯಾಸ ಮಾಡಿಸಿ, ನೇರ ಬೆಂಗಳೂರಿಗೆ ಹೊರಡಬೇಡಿ. ಹಾಲಿಗೆ ಅತ್ತರೆ ಓಡುವ ಗಾಡಿಯಲ್ಲಿ ಎತ್ತಿಕೊಳ್ಳದೆ ನಿಲ್ಲಿಸಿಯೇ ಕುಡಿಸಿ. ಎರಡು ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೂರಿಸಬಾರದು, ಹಾಸನ ದಾಟಿದ ಮೇಲೆ ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್ ಅಂತ ನಿಲ್ಲಿಸಲು ಜಾಗ ಬೇಕಾದಷ್ಟಿದೆ. ಎಸ್ಟೇಟ್ ಜೀಪುಗಳಲ್ಲಿ ಅಡ್ಡ ಬೆಂಚಿನ ಸೀಟು ಇರುತ್ತದಲ್ಲ, ಅದರ ಮೇಲೆ ಯಾವ ಮಕ್ಕಳ ಸೀಟನ್ನೂ ಕಟ್ಟಲಾಗುವುದಿಲ್ಲ. ಬೆಟ್ಟದ ಜೀಪ್ ಸವಾರಿ ಮಗಳು ದೊಡ್ಡವಳಾದ ಮೇಲೆ ಆಗಲಿ.

ಸದ್ಯಕ್ಕೆ ಸೀಟ್ ಕವರ್ ಸರಿಸಿ ಕೊಂಡಿ ಇದೆಯಾ ನೋಡಿ. ಕಾರಿನ ಮಾಡೆಲ್, ವರ್ಷ, ಮಗಳ ಎತ್ತರ ಇಲ್ಲೇ ಕೆಳಗೆ ಬರೆಯಿರಿ, ಯಾವ ಯಾವ ಸೀಟು ಇಟ್ಟು ನೋಡಬಹುದು ಅಂತ ಹೇಳುತ್ತೇನೆ.