ಮದೀನತ್ ಹಾಬು: ಉತ್ತರ ಗೋಡೆಯ ಹಡಗು ಯುದ್ಧ ಫೋಟೋದಲ್ಲಿ ಚಪ್ಪಟೆ ಯಾಕೆ?

ಈಜಿಪ್ಟಿನ ಲಕ್ಸರ್ ಹತ್ರದ ಮದೀನತ್ ಹಾಬು ದೇವಸ್ಥಾನದಲ್ಲಿ ಹಡಗು ಯುದ್ಧದ ಕೆತ್ತನೆ ಫೋಟೋ ಚಪ್ಪಟೆಯಾಗಿ ಬಂತು, ಮಧ್ಯಾಹ್ನ 12ಕ್ಕೆ ತೆಗೆದೆ ಅಂದ್ರಲ್ಲ, ಹೆಚ್ಚುಕಮ್ಮಿ ಅದೇ ಕಾರಣ, ಕ್ಯಾಮೆರಾದ್ದಲ್ಲ. ಫೋಟೋ ನೋಡದೆ ಹೇಳ್ತಿದೀನಿ, ಲೆನ್ಸ್ ಮೇಲೆ ಧೂಳಿದ್ರೂ ಹಿಂಗಾಗ್ಬಹುದು, ಮೊದ್ಲು ಒರೆಸಿ ನೋಡಿ.

ಈಜಿಪ್ಟಿನ ಹಳೇ ರಾಜ ಮೂರನೇ ರಾಮ್ಸೆಸ್‌ನ ಆ ದೇವಸ್ಥಾನದ ಹೊರಗೋಡೆ ಕೆತ್ತನೆ ಉಬ್ಬಿರೋದಲ್ಲ, ಕಲ್ಲೊಳಗೆ ಕೊರೆದಿರೋದು, ಕೆಲವು ಅಕ್ಷರಗಳಿಗೆ ಬೆರಳೇ ತೂರುತ್ತೆ (ತೂರಿಸ್ಬೇಡಿ), ಹಂಗಾಗಿ ಪಕ್ಕದಿಂದ ಬಿಸಿಲು ಬಿದ್ದು ಅಂಚಲ್ಲಿ ನೆರಳು ಕೂತ್ರೆ ಮಾತ್ರ ಗೆರೆ ಕಾಣೋದು. ಉತ್ತರ ಗೋಡೆ ಅಂತಾರೆ, ಆದ್ರೆ ಅದರ ಮುಖ ಈಶಾನ್ಯಕ್ಕೆ, ಮಧ್ಯಾಹ್ನ ಪೂರ್ತಿ ನೆರಳು.

ನಾಳೆ ಬೆಳಿಗ್ಗೆ ಗೇಟ್ ತೆಗೆದ ತಕ್ಷಣ ಸೀದಾ ಅಲ್ಲಿಗೇ ಹೋಗಿ, ಒಳಗಿನ ಅಂಗಳ ಆಮೇಲೆ. ಬಿಸಿಲು ಗೋಡೆ ಸವರ್ಕೊಂಡು ಹೋಗೋವರೆಗೆ ಕಾಯಿರಿ. ಫ್ಲ್ಯಾಶ್ ಮತ್ತೆ ಎಚ್‌ಡಿಆರ್ (ಬೆಳಕು-ನೆರಳು ಸರಿದೂಗಿಸೋ ಮೋಡ್) ಎರಡೂ ಆಫ್, ಎಚ್‌ಡಿಆರ್ ಆ ನೆರಳನ್ನೇ ತಿಂದುಹಾಕುತ್ತೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಎದುರಿಗೆ ನಿಂತು ಒಂದು, ಓರೆಯಾಗಿ ಒಂದು ತೆಗೀರಿ, ಶತ್ರುಗಳ ತಲೆಮೇಲಿನ ಗರಿಕಿರೀಟ ಓರೆಯಲ್ಲೇ ಚೆನ್ನಾಗಿ ಬರೋದು.

ದೇವಸ್ಥಾನದ ಪಶ್ಚಿಮಕ್ಕಿರೋ, ಪಾಳುಬಿದ್ದ ಹಳೇ ಜೇಮೆ ಊರಿನ ಇಟ್ಟಿಗೆ ಮನೆಗಳನ್ನ ಸಂಜೆಗೆ ಇಟ್ಕೊಳಿ.